ಜೋಗಮ್ಮನ ಎರಡನೇ ಸಾವು

ಜವಳಗೇರಾ
18 ನವೆಂಬರ್ 1990

ತಾಯಪ್ಪ ಮಾವನಿಗೆ,

ಮಸ್ಕಿಯಲ್ಲಿ ನಿನಗೆ ಮಾಡಿದ ಸನ್ಮಾನವನ್ನು ಕಣ್ಣಾರೆ ಕಂಡು ಬಂದೆ. ಶಾಲು ಹೊದಿಸಿದವರಲ್ಲಿ ಒಬ್ಬರಿಗಾದರೂ ನೀನು ಹೊರಟಿರುವುದು ಎಲ್ಲಿಗೆ ಎಂದು ಗೊತ್ತಿರಲಿಲ್ಲ. ಒಬ್ಬರು ಹಿಮಾಲಯ ಎಂದರು. ಇನ್ನೊಬ್ಬರು ರಷ್ಯಾ ಎಂದರು. ಅಧ್ಯಕ್ಷ ಮಹಾಶಯರಂತೂ ಮೈಕು ಹಿಡಿದು, "ನಮ್ಮ ತಾಯಪ್ಪ ಭೂಮಿ ಮುಗಿಯೋ ಜಾಗದಾಗ ನಿಂತು ನಮಗ ಮಳಿ ಕಳಸ್ತಾನ" ಎಂದರು. ನೀನು ಎದ್ದು ನಿಂತು, ನಾನು ಮಳೆ ಕಳಿಸುವವನಲ್ಲ, ದಕ್ಷಿಣ ಧ್ರುವದ ಹಿಮದಲ್ಲಿ ಕೂತು ಚಳಿ ಎಷ್ಟಿದೆ ಎಂದು ಬರೆದುಕೊಳ್ಳುವ ಹವಾಮಾನದ ನೌಕರ ಎಂದು ಹೇಳಬೇಕಿತ್ತು. ಹೇಳಲಿಲ್ಲ. ಹಾರದ ನಡುವಿನಿಂದ ಮುಖ ತೂರಿಸಿ ನಕ್ಕೆ. ನನಗೆ ಮೈ ಉರಿದು ಹೋಯಿತು.

ನಿನ್ನ ಸುಳ್ಳುಗಳ ಜೊತೆಯಲ್ಲೇ ಬೆಳೆದವಳು ನಾನು. ಮಸ್ಕಿ ಹಳ್ಳದಲ್ಲಿ ಮೊಸಳೆ ಕಂಡೆ ಎಂದು ಹೇಳಿ ಇಡೀ ಓಣಿಯ ಹೆಂಗಸರು ಬಟ್ಟೆ ಒಗೆಯದ ಹಾಗೆ ಮಾಡಿದವನು ನೀನು. ಬಿ.ಎಸ್ಸಿಯಲ್ಲಿ ಭೌತಶಾಸ್ತ್ರ ಫೇಲಾಗಿದ್ದನ್ನು ಮುಚ್ಚಿಟ್ಟು ನಿನ್ನ ಅವ್ವ ತಿಮ್ಮವ್ವತ್ತೆಯ ಕೈಯಲ್ಲಿ ಊರಿಗೆಲ್ಲ ಪೇಡೆ ಹಂಚಿಸಿದವನೂ ನೀನೇ. ಆ ಪೇಡೆಯನ್ನು ನಾನೂ ತಿಂದೆ, ಅದಕ್ಕೇ ಇನ್ನೂ ಸಿಟ್ಟು. ನಮ್ಮಿಬ್ಬರ ಅಜ್ಜಿ ಜೋಗಮ್ಮ, "ಈ ಹುಡುಗ ಬಾಯಿ ತೆರದ್ರ ಮುಗಿಲು ಮುರಕೊಂಡು ಬೀಳ್ತೈತಿ" ಎನ್ನುತ್ತಿದ್ದಳು. ಅವಳು ತೀರಿಕೊಂಡು ಹನ್ನೊಂದು ವರ್ಷವಾಯಿತು. ತೆರೆದ ಬಾಯಿಯನ್ನು ನೀನು ಇನ್ನೂ ಮುಚ್ಚಿಲ್ಲ.

ನಾನು ಹುಟ್ಟಿದ ದಿನವೇ ನಿನ್ನ ಅವ್ವ ತೊಟ್ಟಿಲಿಗೆ ಹಸಿರು ಬಳೆ ಕಟ್ಟಿ, ತಮ್ಮನ ಮಗಳು ನನ್ನ ಸೊಸೆ ಎಂದು ಹೇಳಿ ಹೋದಳಂತೆ. ನನ್ನನ್ನು ಯಾರೂ ಕೇಳಲಿಲ್ಲ. ಆಗ ಕೇಳುವಂತೆಯೂ ಇರಲಿಲ್ಲ ಬಿಡು. ಈಗ ಅದೇ ಭೌತಶಾಸ್ತ್ರದಲ್ಲಿ ಎಂ.ಎಸ್ಸಿ ಮುಗಿಸಿ ಸಿಂಧನೂರಿನ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೇನೆ, ಈಗ ಕೇಳಲೇಬೇಕು. ಅಪ್ಪನಿಗೆ ನನ್ನ ಕರಾರು ತಿಳಿಸಿದ್ದೇನೆ, ನಿನಗೂ ತಿಳಿಸುತ್ತೇನೆ. ನೀನು ಅಲ್ಲಿಂದ ಬರುವ ತನಕ ನನಗೆ ಒಂದೇ ಒಂದು ಸುಳ್ಳನ್ನೂ ಬರೆಯಬಾರದು. ಬರೆಯದಿದ್ದರೆ ನೀನು ಬಂದ ಬೇಸಿಗೆಯಲ್ಲೇ ಮದುವೆ. ಬರೆದರೆ ಆ ಬಳೆಯನ್ನು ನಾನೇ ಒಡೆಯುತ್ತೇನೆ. ಒಂದು ವರ್ಷ ನಿಜ ಹೇಳಿಕೊಂಡು ಬದುಕುವುದು ನಿನಗೆ ಆ ಚಳಿಗಿಂತ ಕಷ್ಟವಾಗಬಹುದು.

ಆದಮ್ಮ

*

ದಕ್ಷಿಣ ಧ್ರುವದ ನೆಲೆ
22 ಫೆಬ್ರವರಿ 1991

ಆದಮ್ಮ ಮೇಡಂ ಅವರಿಗೆ,

ಧ್ರುವಖಂಡದ ಕಡಲಂಚಿನಲ್ಲಿ ನಮ್ಮನ್ನು ಇಳಿಸಿದ ಹಡಗು ನಾಳೆ ವಾಪಸು ಹೊರಡುತ್ತದೆ. ಇನ್ನು ಹನ್ನೊಂದು ತಿಂಗಳು ಅಂಚೆ ಇಲ್ಲ. ತಿಂಗಳಿಗೊಮ್ಮೆ ನಲವತ್ತು ಪದಗಳ ವೈರ್‌ಲೆಸ್ ಸಂದೇಶ ಕಳಿಸಲು ನಮಗೆ ಅವಕಾಶವಿದೆ, ಅದನ್ನು ಗೋವಾದ ನಮ್ಮ ಕಚೇರಿಯವರು ಟೈಪ್ ಮಾಡಿ ನಿನಗೆ ಅಂಚೆಗೆ ಹಾಕುತ್ತಾರೆ. ಊರಿನಿಂದ ಇಲ್ಲಿಗೆ ಬರುವ ಸಂದೇಶಕ್ಕೆ ಮಾತ್ರ ಒಂದೇ ಕಾರಣ ನಡೆಯುತ್ತದೆ, ಮನೆಯಲ್ಲಿ ಯಾರಾದರೂ ಸತ್ತಿರಬೇಕು. ಹುಟ್ಟಿದರೆ ನಡೆಯುವುದಿಲ್ಲ. ಈ ನಿಯಮ ಮಾಡಿದ ಮಹಾನುಭಾವ ಯಾವ ಹೊತ್ತಿನಲ್ಲಿ ಹುಟ್ಟಿದನೋ.

ನಮ್ಮ ನಾಯಕ ಯಂತ್ರಗಳ ಇಂಜಿನಿಯರ್. ಲೋಕದಲ್ಲಿ ಬಿಸಿ ಎಂಬುದು ಜನರೇಟರಿನಿಂದ ಮಾತ್ರ ಹುಟ್ಟುತ್ತದೆ ಎಂದು ನಂಬಿದ ಮನುಷ್ಯ. ಹವಾಮಾನದವರೆಂದರೆ ಅವನಿಗೆ ಬಲೂನು ಹಾರಿಸುವ ಮಕ್ಕಳು. ನನ್ನ ಕೆಲಸವೂ ಅಷ್ಟೇ ಅನ್ನು. ದಿನಾ ಬಲೂನಿಗೆ ಪುಟ್ಟ ರೇಡಿಯೋ ಪೆಟ್ಟಿಗೆ ಕಟ್ಟಿ ಬಿಡುತ್ತೇನೆ, ಅದು ಮೇಲೇರುತ್ತ ಗಾಳಿ, ಚಳಿ, ತೇವ ಎಷ್ಟಿದೆ ಎಂದು ಹೇಳುತ್ತ ಹೋಗುತ್ತದೆ. ನೆಲದ ಮೇಲೆ ಮರದ ಪೆಟ್ಟಿಗೆಯಲ್ಲಿ ಥರ್ಮಾಮೀಟರು ಇದೆ, ಅದನ್ನು ಓದುತ್ತೇನೆ.

ಪಾಠ ಹೇಳುವವಳಿಗೆ ಪಾಠ ಹೇಳುವ ಸುಖ ಸಿಕ್ಕಿದೆ, ಬಿಡಲಾರೆ. ಎಂಟೊಂಬತ್ತು ಕಿಲೋಮೀಟರು ಮೇಲೆ ಜೆಟ್ ಗಾಳಿ ಎಂಬುದು ಧ್ರುವವನ್ನು ಸುತ್ತುತ್ತ ಓಡುತ್ತದೆ. ನಿಮ್ಮ ಗದ್ದೆಗೆ ನೀರು ತರುವ ಎಡದಂಡೆ ಕಾಲುವೆಯನ್ನು ಉಂಗುರದ ಹಾಗೆ ಬಾಗಿಸಿದರೆ ಹೇಗಿರುತ್ತದೋ ಹಾಗೆ. ಅದು ನೆಟ್ಟಗೆ ಓಡುತ್ತಿರುವ ತನಕ ಕಡಲಿನ ಬೆಚ್ಚನೆಯ ತೇವದ ಗಾಳಿ ಆಚೆಯೇ ಉಳಿಯುತ್ತದೆ, ಒಳಗಿನ ಚಳಿ ಒಳಗೇ ಗಟ್ಟಿಯಾಗುತ್ತದೆ. ಕಾಲುವೆ ಬಾಗಿತೋ, ಅಲ್ಲಿಂದ ಒಂದು ಕವಲು ಒಡೆದು ಆವಿ ಧ್ರುವದ ಕಡೆಗೆ ಹರಿದು ಬರುತ್ತದೆ. ಹಾಗೆ ಬಂದಾಗ ಇಲ್ಲಿನ ಚಳಿ ದಿಢೀರನೆ ಇಳಿಯುತ್ತದಂತೆ. ನಾನಿನ್ನೂ ಕಂಡಿಲ್ಲ. ಕಂಡಿದ್ದೇನೆ ಎಂದು ಬರೆಯಬಹುದಿತ್ತು. ಕರಾರು ನೆನಪಿದೆ.

ಅವ್ವ ಹೊಲಿದುಕೊಟ್ಟ ಕೌದಿಯನ್ನೇ ಹೊದೆಯುತ್ತೇನೆ. ಸರ್ಕಾರ ಕೊಟ್ಟ ಹಾಸಿಗೆಗಿಂತ ಮೇಲು. ಅದರಲ್ಲಿ ನಿನ್ನ ಹಳೆಯ ಲಂಗದ ತುಂಡೊಂದಿದೆ, ಗುರುತಿಸಿದೆ. ಅದರ ಬಗ್ಗೆ ನಿಜವನ್ನಾಗಲಿ ಸುಳ್ಳನ್ನಾಗಲಿ ಬರೆಯುವುದಿಲ್ಲ.

ತಾಯಪ್ಪ

*

ಸಿಂಧನೂರು
9 ಮೇ 1991

ಮಾವ,

ನಿನ್ನ ಪಾಠ ತಲುಪಿತು. ಈ ಪತ್ರ ಡಿಸೆಂಬರಿನ ಹಡಗಿಗೆ ಹೋಗಬೇಕು, ಅಲ್ಲಿಯ ತನಕ ನನ್ನ ಟ್ರಂಕಿನಲ್ಲಿ ಹಳಸಲಿ. ಭೌತಶಾಸ್ತ್ರ ಎರಡನೇ ಸಲಕ್ಕೆ ಪಾಸಾದವನು ಎಂ.ಎಸ್ಸಿ ಮಾಡಿದವಳಿಗೆ ಕಾಲುವೆಯ ಉಪಮೆ ಕೊಟ್ಟು ಗಾಳಿ ಕಲಿಸುವುದನ್ನು ನೋಡಿ ಸ್ಟಾಫ್ ರೂಮಿನಲ್ಲಿ ಒಬ್ಬಳೇ ನಕ್ಕೆ. ತಂಪಾದ ಗಾಳಿ ಆವಿಯನ್ನು ಹಿಡಿದಿಟ್ಟುಕೊಳ್ಳಲಾರದು ಎಂಬುದು ಪಿಯುಸಿ ಹುಡುಗರಿಗೂ ಗೊತ್ತು. ನೀನಿರುವ ಜಾಗದ ಗಾಳಿಯಲ್ಲಿ ಆವಿ ಎಂದರೆ ಬೊಕ್ಕತಲೆಯಲ್ಲಿ ಕೂದಲು ಹುಡುಕಿದ ಹಾಗೆ.

ನಮ್ಮ ಕಾಲೇಜಿನ ಗ್ಲೋಬು ನೋಡಿದೆ. ನೀನಿರುವ ಜಾಗದಲ್ಲಿ ಒಂದು ಸ್ಕ್ರೂ ಇದೆ. ಅದನ್ನು ಬಿಚ್ಚಿದರೆ ಇಡೀ ಭೂಮಿ ಕೈಗೆ ಬರುತ್ತದೆ. ಹಾಗಾಗಿ ಮುಟ್ಟಲಿಲ್ಲ.

ಲಿಂಗಸುಗೂರಿನ ಶೇಖಮ್ಮ ಚಿಗವ್ವ ಒಂದು ಗಂಡು ಹುಡುಕಿದ್ದಾಳೆ. ನೀರಾವರಿ ಕಚೇರಿಯ ಓವರ್‌ಸಿಯರ್, ಮೋಟರ್ ಸೈಕಲ್ ಇದೆ. "ಹಿಮದಾಗ ಕುಂತಾವ ಬರ್ತಾನೋ ಇಲ್ಲೋ, ಇವನ ಕೈ ಬಿಡಬ್ಯಾಡ" ಎಂದಳು. ಆ ಮನುಷ್ಯ ಮನೆಗೆ ಬಂದು ಒಂದು ಗಂಟೆ ಕೂತಿದ್ದ. ಮೋಟರ್ ಸೈಕಲ್ಲಿನ ಮೈಲೇಜು ಬಿಟ್ಟು ಬೇರೇನೂ ಮಾತಾಡಲಿಲ್ಲ. ಅವನು ಸುಳ್ಳು ಹೇಳುವುದಿಲ್ಲ, ಒಪ್ಪುತ್ತೇನೆ. ಸುಳ್ಳು ಹೇಳಲಿಕ್ಕೂ ತಲೆ ಬೇಕು. ಬೇಡ ಎಂದು ಹೇಳಿ ಕಳಿಸಿದೆ.

ಕೌದಿಯಲ್ಲಿರುವ ಆ ತುಂಡು ನನ್ನದಲ್ಲ. ಇರಬಹುದು, ನೆನಪಿಲ್ಲ.

ಆದಮ್ಮ

*

ವೈರ್‌ಲೆಸ್ ಸಂದೇಶ
13 ಜುಲೈ 1991

ಕ್ಷೇಮ. ಇಲ್ಲಿ ಸೂರ್ಯ ಹುಟ್ಟದ ಕಾಲ. ಗಾಳಿಯೂ ಇರಲಿಲ್ಲ. ಸೊನ್ನೆಗಿಂತ ಮೂವತ್ತೊಂದು ಡಿಗ್ರಿ ಕೆಳಗಿದ್ದ ಚಳಿ ಒಂದೇ ದಿನದಲ್ಲಿ ಒಂಬತ್ತಕ್ಕೆ ಬಂತು. ಜೆಟ್ ಗಾಳಿ ಬಾಗಿ ಕಡಲಿನ ಆವಿ ತಂದಿತ್ತು. ಇಲ್ಲಿ ಒಬ್ಬರೂ ಒಪ್ಪುತ್ತಿಲ್ಲ. ನೀನು ಒಪ್ಪುತ್ತೀಯಲ್ಲ? ತಾಯಪ್ಪ.

*

ದಕ್ಷಿಣ ಧ್ರುವದ ನೆಲೆ
15 ಜುಲೈ 1991

ಆದಮ್ಮ,

ಹಡಗು ಬಂದು ಹೋಗುವ ತನಕ ಈ ಪತ್ರ ನನ್ನ ಹತ್ತಿರವೇ ಇರುತ್ತದೆ. ಆದರೂ ಬರೆಯಬೇಕು, ಮಾತಾಡಲು ಇಲ್ಲಿ ಯಾರೂ ಉಳಿದಿಲ್ಲ. ಸಂದೇಶದಲ್ಲಿ ಪೂರ್ತಿ ಹೇಳಲು ಆಗಲಿಲ್ಲ. ಪ್ರತಿ ಸಂದೇಶವನ್ನೂ ನಾಯಕ ಓದಿಯೇ ಕಳಿಸುವುದು.

ಆ ದಿನ ಹೊರಗೆ ಹೋದಾಗ ಮೊದಲು ಗಮನಿಸಿದ್ದು ನಕ್ಷತ್ರ ಇಲ್ಲದ್ದು. ಮುಗಿಲು ದಟ್ಟವಾಗಿ ಇಳಿದಿತ್ತು. ಉಸಿರೆಳೆದರೆ ಮೂಗು ಉರಿಯಲಿಲ್ಲ. ಥರ್ಮಾಮೀಟರು ಓದಿದೆ, ನಂಬಿಕೆ ಬರಲಿಲ್ಲ, ಒರೆಸಿ ಮತ್ತೆ ಓದಿದೆ. ಬಿರುಗಾಳಿ ಬಂದಾಗ ಇಲ್ಲಿ ಸ್ವಲ್ಪ ಬೆಚ್ಚಗಾಗುವುದು ಎಲ್ಲರಿಗೂ ಗೊತ್ತು. ಆದರೆ ಆ ದಿನ ಧ್ವಜ ಕೂಡ ಅಲುಗುತ್ತಿರಲಿಲ್ಲ. ಬಲೂನು ಬಿಟ್ಟೆ. ಮೇಲೆ ಗಾಳಿ ಪಡುವಣದಿಂದ ಓಡುವುದನ್ನು ಬಿಟ್ಟು ಬಡಗಣ ಕಡಲಿನಿಂದ ನೇರ ನಮ್ಮ ತಲೆಯ ಮೇಲೆ ನುಗ್ಗುತ್ತಿತ್ತು, ತೇವವೂ ತುಂಬಿತ್ತು. ಅಷ್ಟರಲ್ಲಿ ರೇಡಿಯೋ ಪೆಟ್ಟಿಗೆ ಕೆಟ್ಟು ಸುಮ್ಮನಾಯಿತು.

ಬಾನು ಬಯಲಾಗಿದ್ದಾಗ ಹಿಮದ ಕಾವೆಲ್ಲ ಮೇಲೆ ಹಾರಿ ಹೋಗುತ್ತದೆ, ತಡೆಯುವುದು ಏನೂ ಇಲ್ಲ. ಆವಿಯೂ ಮುಗಿಲೂ ಬಂದು ಮುಚ್ಚಿದರೆ ಅದೇ ಕಾವು ಕೆಳಗೆ ವಾಪಸು ಬರುತ್ತದೆ. ಸೂರ್ಯ ಬೇಕಿಲ್ಲ. ಇಷ್ಟೇ ವಿಷಯ. ನಾಯಕನಿಗೆ ಹೇಳಿದೆ. ಅವನು ಬಂದು ನೋಡುವಷ್ಟರಲ್ಲಿ ಮುಗಿಲು ಚದುರಿ ಚಳಿ ಮತ್ತೆ ಮೊದಲಿನಂತೆ ಗಟ್ಟಿಯಾಗಿತ್ತು. ಎಲ್ಲರೂ ಊಟ ಮಾಡುತ್ತಿದ್ದಾಗ, ಇವನು ಹೊರಗೆ ಹೋಗಲು ಹೆದರಿ ಜನರೇಟರಿನ ಹೊಗೆಕೊಳವೆಯ ಮುಂದೆ ಥರ್ಮಾಮೀಟರು ಹಿಡಿದು ಬಂದಿದ್ದಾನೆ ಎಂದ. ಎಲ್ಲರೂ ನಕ್ಕರು. ಆಮೇಲೆ ಹವಾಮಾನದ ಕೋಣೆಯ ಕೀಲಿಕೈ ಕಸಿದುಕೊಂಡ. ಈಗ ಅಡುಗೆಮನೆಯಲ್ಲಿ ಡಬ್ಬದ ತರಕಾರಿ ಬಿಸಿ ಮಾಡುತ್ತಿದ್ದೇನೆ. ಊರಿಗೆ ಬಂದ ಮೇಲೆ ವಿಚಾರಣೆಯಂತೆ.

ಇಷ್ಟು ವರ್ಷ ಹೇಳಿದ ಸುಳ್ಳಿಗೆಲ್ಲ ಜನ ತಲೆಯಾಡಿಸಿದರು, ಪೇಡೆ ತಿಂದರು. ಮೊದಲ ಸಲ ಮೈಯೆಲ್ಲ ಕಣ್ಣಾಗಿ ನಿಂತು ನಿಜ ಹೇಳಿದ್ದೇನೆ, ಅಡುಗೆಮನೆಗೆ ಹಾಕಿದ್ದಾರೆ. ನನಗೆ ಇವರ ಬಗ್ಗೆ ಚಿಂತೆ ಇಲ್ಲ, ಇವರು ನನ್ನನ್ನು ಏನು ಬಲ್ಲರು? ನೀನೊಬ್ಬಳು ನಂಬಿದರೆ ಸಾಕು. ನಂಬುತ್ತೀ ಎಂದುಕೊಂಡೇ ಉಳಿದ ತಿಂಗಳು ದೂಡುತ್ತೇನೆ.

ತಾಯಪ್ಪ

*

ಸಿಂಧನೂರು
1 ಡಿಸೆಂಬರ್ 1991

ಶ್ರೀ ತಾಯಪ್ಪನವರಿಗೆ,

ಇದು ಏಳನೇ ತಾರೀಖಿನ ಹಡಗಿಗೆ ಸೇರುತ್ತದೆ ಎಂದು ಗೋವಾದ ಕಚೇರಿಯವರು ತಿಳಿಸಿದ್ದಾರೆ. ಮೇ ತಿಂಗಳಿನಲ್ಲಿ ಬರೆದಿಟ್ಟ ಪತ್ರವೂ ಇದರೊಳಗಿದೆ. ಆಗ ಬರೆದವಳು ಬೇರೆ, ಅವಳನ್ನು ಕ್ಷಮಿಸಿ.

ನಿಮ್ಮ ಜುಲೈ ಸಂದೇಶವನ್ನು ಹಲವು ಸಲ ಓದಿದೆ. ಸೂರ್ಯನಿಲ್ಲ, ಗಾಳಿ ಇಲ್ಲ, ಆದರೂ ಇಪ್ಪತ್ತೆರಡು ಡಿಗ್ರಿ ಬೆಚ್ಚಗಾಯಿತು. ಅದಕ್ಕೆ ಕಾರಣ ಆವಿ, ಅದೂ ಆವಿಯೇ ನಿಲ್ಲಲಾರದ ಚಳಿಯಲ್ಲಿ. ನನ್ನ ಕಲಿಕೆಯ ಮೇಲೆ ನನಗೇ ಅನುಮಾನ ಬಂದು ನಮ್ಮ ವಿಭಾಗದ ಹಿರಿಯರಿಗೆ ತೋರಿಸಿದೆ. ಅವರು ಓದಿ ಕನ್ನಡಕ ತೆಗೆದು ನಕ್ಕರು. "ಏನವ್ವಾ, ನಿನ್ನ ಮಾವ ಅಲ್ಲಿ ಮಸ್ಕಿ ಬಿಸಲು ಕಾಸಾಕತ್ತಾನೇನು?" ಎಂದರು. ಪಕ್ಕದಲ್ಲಿದ್ದವರೂ ನಕ್ಕರು. ಆ ನಗುವಿನ ನಡುವೆ ನಿಂತಿದ್ದ ನನಗೆ ತಿಮ್ಮವ್ವತ್ತೆ ಪೇಡೆ ಹಂಚಿದ ದಿನ ನೆನಪಾಯಿತು.

ನಾಟಕವಾಡಲು ನಿಮಗೆ ಇಡೀ ಭೂಮಿಯ ತುದಿ ಬೇಕಾಯಿತೇ? ಚಳಿಗೆ ಹೆದರಿ ಜನರೇಟರಿನ ಹೊಗೆಕೊಳವೆಯ ಮುಂದೆ ಥರ್ಮಾಮೀಟರು ಹಿಡಿದಿರಬೇಕು ನೀವು. ಅಲ್ಲಿ ಒಬ್ಬರೂ ಒಪ್ಪುತ್ತಿಲ್ಲ ಎಂದು ನೀವೇ ಬರೆದಿದ್ದೀರಿ. ಹತ್ತಿರವಿದ್ದವರೇ ಒಪ್ಪದ್ದನ್ನು ದೂರವಿದ್ದವಳು ಒಪ್ಪಬೇಕೆ? ಆಗಸ್ಟಿನಿಂದ ಈಚೆಗೆ ಬಂದ ಸಂದೇಶಗಳಲ್ಲಿ 'ಕ್ಷೇಮ' ಎಂಬ ಒಂದೇ ಪದವಿದೆ. ನಲವತ್ತು ಪದ ಸಾಲದೆ ಗೋಗರೆಯುತ್ತಿದ್ದವರಿಗೆ ಒಂದೇ ಪದ ಸಾಕಾಗಿದೆ. ಸಿಕ್ಕಿಬಿದ್ದವರು ಹೀಗೆಯೇ ಮಾತು ಕಡಿಮೆ ಮಾಡುತ್ತಾರೆ.

ಕರಾರು ಮುರಿದಿದೆ. ಅಪ್ಪನಿಗೂ ತಿಮ್ಮವ್ವತ್ತೆಗೂ ತಿಳಿಸಿದ್ದೇನೆ. ಅತ್ತೆ ಮೂರು ದಿನದಿಂದ ನನ್ನ ಜೊತೆ ಮಾತಾಡಿಲ್ಲ. ಲಿಂಗಸುಗೂರಿನವರ ಹತ್ತಿರ ಹೋಗಿ ಬರಲು ಅಪ್ಪನಿಗೆ ನಾನೇ ಹೇಳಿದ್ದೇನೆ. ಮೈಲೇಜು ಲೆಕ್ಕ ಹಾಕುವವನು ಲೆಕ್ಕವನ್ನಾದರೂ ಸರಿಯಾಗಿ ಹೇಳುತ್ತಾನೆ. ನೀವು ಹಿಂತಿರುಗಿ ಬಂದಾಗ ಜವಳಗೇರಾದ ಕಡೆ ಬರುವ ತೊಂದರೆ ತೆಗೆದುಕೊಳ್ಳಬೇಡಿ.

ಆದಮ್ಮ

*

ಜವಳಗೇರಾ
29 ಡಿಸೆಂಬರ್ 1991

ಮಾವ,

ಇದನ್ನು ಗೋವಾದ ಕಚೇರಿಗೆ ಹಾಕುತ್ತಿದ್ದೇನೆ. ನೀನು ಹಡಗಿನಿಂದ ಇಳಿದಾಗ ಕೊಡುತ್ತಾರಂತೆ. ಅಷ್ಟರಲ್ಲಿ ಮೊದಲಿನ ಪತ್ರ ನಿನ್ನ ಎದೆಯ ಮೇಲೆ ತಿಂಗಳುಗಟ್ಟಲೆ ಕೂತಿರುತ್ತದೆ. ಅದನ್ನು ತಡೆಯಲು ನಾನು ಮಾಡಿದ್ದನ್ನು ಕೊನೆಯಲ್ಲಿ ಹೇಳುತ್ತೇನೆ.

ಅಪ್ಪ ಮೊನ್ನೆ ಆ ಓವರ್‌ಸಿಯರ್ ಮನೆಯವರ ಹತ್ತಿರ ಮಾತಾಡಲು ಲಿಂಗಸುಗೂರಿಗೆ ಹೋದ. ಹೋಗುವಾಗ, "ಸಂಜೀಕ ಸಸಿ ಮಡಿಗೆ ನೀರು ಬಿಡು, ಇಲ್ಲಾಂದ್ರ ಥಂಡಿಗೆ ಸುಡ್ತಾವ" ಎಂದು ಹೇಳಿ ಹೋದ. ನಿಮ್ಮ ಮಸ್ಕಿಯ ಒಣಭೂಮಿಯವರಿಗೆ ಇದು ತಿಳಿಯದು. ಬೇಸಿಗೆ ಬೆಳೆಗೆ ಈಗ ಭತ್ತದ ಸಸಿ ಹಾಕುತ್ತೇವೆ. ಸಂಜೆ ಮಡಿಗೆ ನೀರು ಕಟ್ಟಿ ನಿಲ್ಲಿಸಿದರೆ ಇರುಳಿನಲ್ಲಿ ನೆಲದ ಕಾವು ಉಳಿಯುತ್ತದೆ, ಬೆಳಿಗ್ಗೆ ತಣ್ಣಗಾದ ಆ ನೀರನ್ನು ಹೊರಗೆ ಹರಿಸಿಬಿಡುತ್ತೇವೆ. ನಾನು ನೀರು ಬಿಡಲಿಲ್ಲ. ಮರೆತದ್ದಲ್ಲ, ಬೇಕೆಂದೇ ಬಿಡಲಿಲ್ಲ. ನನ್ನನ್ನು ಮೋಟರ್ ಸೈಕಲ್ಲಿಗೆ ಕೊಡಲು ಹೋದ ಅಪ್ಪನ ಸಸಿ ಸುಟ್ಟರೆ ಸುಡಲಿ ಎನಿಸಿತು. ಅವನನ್ನು ಅಲ್ಲಿಗೆ ಕಳಿಸಿದವಳು ನಾನೇ ಎಂಬುದು ಆ ಹೊತ್ತಿಗೆ ನೆನಪಾಗಲಿಲ್ಲ.

ಬೆಳಿಗ್ಗೆ ಹೋಗಿ ನೋಡಿದರೆ ಒಂದು ಎಲೆ ಕೂಡ ಕೆಂಪಾಗಿಲ್ಲ. ಆಂಧ್ರದ ಕಡಲಿನಲ್ಲಿ ತೂಫಾನು ಎದ್ದು ಸಂಜೆಯಿಂದಲೇ ಇಲ್ಲಿ ಮುಗಿಲು ಮುಚ್ಚಿತ್ತು. ಹನಿ ಬೀಳಲಿಲ್ಲ, ಎಲೆ ಅಲುಗಲಿಲ್ಲ. ಹಿಂದಿನ ರಾತ್ರಿ ಎರಡು ಕಂಬಳಿ ಹೊದ್ದು ನಡುಗಿದವಳು ಆ ರಾತ್ರಿ ಹೊದ್ದದ್ದನ್ನು ಒದ್ದು ಮಲಗಿದ್ದೆ. ಬದುವಿನ ಮೇಲೆ ನಿಂತು ಆ ಹಸಿರು ನೋಡುತ್ತಿದ್ದಾಗ ನಿನ್ನ ಸಂದೇಶ ಕಣ್ಣಿಗೆ ಕಟ್ಟಿತು. ಸೂರ್ಯನಿಲ್ಲ. ಗಾಳಿ ಇಲ್ಲ. ಬದುವಿನ ಮೇಲೆಯೇ ಕೂತುಬಿಟ್ಟೆ.

ತಂಪಾದ ಗಾಳಿ ಆವಿಯನ್ನು ಹಿಡಿಯಲಾರದು ಎಂಬುದು ಈಗಲೂ ನಿಜ. ಅದರಿಂದ ಆವಿಗೆ ಅಲ್ಲಿ ಬೆಲೆಯಿಲ್ಲ ಎಂದು ತೀರ್ಮಾನಿಸಿದ್ದು ನನ್ನ ಕತ್ತೆಬುದ್ಧಿ. ಕಾಲುವೆಯ ಬಾಯಲ್ಲಿರುವ ನಮ್ಮ ಗದ್ದೆಗೆ ಇನ್ನೊಂದು ಕೊಡ ನೀರು ಬಂದರೆ ಗೊತ್ತೇ ಆಗುವುದಿಲ್ಲ. ಕಾಲುವೆಯ ಕೊನೆಯ ತುದಿಯ ಟೇಲೆಂಡಿನವನ ಒಣಗಿದ ಮಡಿಗೆ ಅದೇ ಕೊಡ ನೀರು ಬಿದ್ದರೆ ಮಡಿ ಬದುಕುತ್ತದೆ. ಏನೂ ಇಲ್ಲದ ಬಾನಿಗೆ ತುಸು ಆವಿ ಬಂದರೂ ಲೆಕ್ಕವೇ ಬದಲಾಗುತ್ತದೆ. ಇದಕ್ಕೆ ಎಂ.ಎಸ್ಸಿ ಬೇಕಿರಲಿಲ್ಲ. ಕನ್ನಡಕ ತೆಗೆದು ನಕ್ಕ ನಮ್ಮ ಹಿರಿಯರಿಗೆ ಇದನ್ನು ಹೇಳಿದೆ. ಅವರು, ತಮಗೆ ಮೊದಲೇ ಗೊತ್ತಿತ್ತು, ತಮಾಷೆ ಮಾಡಿದ್ದು ಎಂದರು. ಇಂಥವರ ನಗುವಿಗೆ ಹೆದರಿ ನಾನು ಆ ಪತ್ರ ಬರೆದೆ.

ಆಮೇಲೆ ಸಿಂಧನೂರಿನ ಅಂಚೆ ಕಚೇರಿಯಿಂದ ನಿಮ್ಮ ಕಚೇರಿಗೆ ಟ್ರಂಕ್ ಕಾಲ್ ಮಾಡಿದೆ. ಹಡಗಿನ ಟಪಾಲನ್ನು ವಾಪಸು ತರಿಸಲು ಆಗದು ಎಂದರು. ನಾಲ್ಕು ಮಾತಿನ ಸಂದೇಶ ಕಳಿಸಿ ಎಂದೆ. ಮನೆಯಲ್ಲಿ ಯಾರಾದರೂ ತೀರಿಕೊಂಡಿದ್ದಾರೆಯೇ ಎಂದು ಕೇಳಿದರು. ಹೌದು, ಅಜ್ಜಿ ಜೋಗಮ್ಮ ಎಂದೆ. ಸಂಬಂಧ ಏನೆಂದು ಕೇಳಿ ಬರೆದುಕೊಂಡರು. ಯಾವಾಗ ತೀರಿಕೊಂಡಳು ಎಂದು ಕೇಳಲಿಲ್ಲ. ಕೇಳದಿರುವುದು ಅವರ ದಡ್ಡತನ. ಸಂದೇಶ ಇದು: 'ಅಜ್ಜಿ ಜೋಗಮ್ಮ ತೀರಿಕೊಂಡಳು. ಅವಳ ಕೊನೆಯ ಮಾತು, ತಾಯಪ್ಪ ಜುಲೈಯಲ್ಲಿ ಹೇಳಿದ್ದು ನಿಜ, ಆದಮ್ಮನ ಪತ್ರ ಒಡೆಯಬಾರದು.'

ಅಪ್ಪ ಲಿಂಗಸುಗೂರಿನಿಂದ ಮಾತು ಪಕ್ಕಾ ಮಾಡಿಕೊಂಡು ಬಂದಿದ್ದ. ಬೇಡ ಎಂದೆ. ಈಗ ಅವನೂ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಮನೆಯಲ್ಲಿ ನನ್ನನ್ನು ಮಾತಾಡಿಸುವುದು ಎಮ್ಮೆ ಒಂದೇ. ನಾನು ಹೆದರಿದ್ದೇನೆ, ಮಾವ. ನಿನ್ನನ್ನು ಕಳೆದುಕೊಳ್ಳುವ ಹೆದರಿಕೆ ಇದೆ ಎಂದು ಇಷ್ಟು ದಿನ ನನಗೇ ಗೊತ್ತಿರಲಿಲ್ಲ.

ಆದಮ್ಮ

*

ಗೋವಾ
27 ಮಾರ್ಚ್ 1992

ಆದಮ್ಮ,

ಅಜ್ಜಿ ತೀರಿಕೊಂಡ ಸುದ್ದಿ ಜನವರಿಯ ಮೊದಲ ವಾರ ತಲುಪಿತು. ನಮ್ಮ ನಾಯಕನೇ ಅದನ್ನು ಹಿಡಿದುಕೊಂಡು ನನ್ನ ಕೋಣೆಗೆ ಬಂದ, ಟೋಪಿ ತೆಗೆದ, ಹೆಗಲ ಮೇಲೆ ಕೈಯಿಟ್ಟ. ಕೊನೆಯ ಮಾತಿನಲ್ಲಿ ಜುಲೈ ಏಕೆ ಬಂತು ಎಂದು ಅವನಿಗೆ ಹೊಳೆಯಲೂ ಇಲ್ಲ. ಸಾಯುವವರು ಏನಾದರೂ ಬಡಬಡಿಸುತ್ತಾರೆ ಎಂದು ಸಮಾಧಾನ ಹೇಳಿದ. ಸಂಜೆ ಎಲ್ಲರನ್ನೂ ನಿಲ್ಲಿಸಿ ಮೌನ ಆಚರಿಸಿದರು. ನಾನು ತಲೆ ತಗ್ಗಿಸಿ ನಿಂತೆ. ನಗು ತಡೆಯಲು ಹೋಗಿ ಹೆಗಲು ಅಲುಗಾಡುತ್ತಿತ್ತು, ಅವರು ಅಳು ಎಂದುಕೊಂಡರು. ಆಮೇಲೆ ಶಿರಾ ಮಾಡಿಸಿದರು. ನಿಜ ಹೇಳಿದ್ದಕ್ಕೆ ಕೀಲಿಕೈ ಕಸಿದುಕೊಂಡವನು ಹಸಿ ಸುಳ್ಳಿಗೆ ನನಗೆ ಶಿರಾ ತಿನ್ನಿಸಿದ. ನಿಮ್ಮ ಜಗತ್ತಿನ ಲೆಕ್ಕ ನನಗೆ ಅಲ್ಲಿಯೇ ಪೂರ್ತಿ ತಿಳಿಯಿತು.

ಅಂದಹಾಗೆ ಕೀಲಿಕೈ ಸೆಪ್ಟೆಂಬರಿನಲ್ಲೇ ಮರಳಿ ಸಿಕ್ಕಿತ್ತು. ಯಾಕೆ ಹೋಗಿತ್ತು ಎಂಬುದು ನಿನಗೆ ಗೊತ್ತಿಲ್ಲ, ಜುಲೈಯಲ್ಲಿ ಬರೆದ ಪತ್ರ ಇದರ ಜೊತೆಗಿದೆ, ಓದಿಕೋ. ಸೆಪ್ಟೆಂಬರಿನಲ್ಲಿ ನಾಯಕ ಪಕ್ಕದ ರಷ್ಯನ್ನರ ನೆಲೆಗೆ ಕುಡಿಯಲು ಹೋಗಿದ್ದ. ಅವರ ಗೋಡೆಯ ಮೇಲೆ ಜುಲೈ ತಿಂಗಳ ಚಳಿಯ ಗೆರೆ ಇತ್ತು. ಅದೇ ದಿನ, ಅದೇ ಏರು. ಬಂದವನು ಕ್ಷಮೆ ಕೇಳಲಿಲ್ಲ. ಊಟದ ತಟ್ಟೆಯ ಪಕ್ಕದಲ್ಲಿ ಕೀಲಿಕೈ ಇಟ್ಟು ಹೋದ. ವಿಚಾರಣೆಯ ಮಾತನ್ನು ಮತ್ತೆ ಎತ್ತಲಿಲ್ಲ. ಇದನ್ನು ನಿನಗೆ ತಿಳಿಸಲಿಲ್ಲ, ಸಾಕ್ಷಿ ಇಲ್ಲದೆಯೇ ನೀನು ನಂಬಿದ್ದೀ ಎಂದುಕೊಂಡು 'ಕ್ಷೇಮ' ಎಂಬ ಒಂದೇ ಪದ ಕಳಿಸುತ್ತಿದ್ದೆ.

ಹಡಗು ಅಜ್ಜಿಯ ಸುದ್ದಿಗಿಂತ ಒಂದು ವಾರ ತಡವಾಗಿ ಬಂತು. ನಿನ್ನ ಲಕೋಟೆ ಕೈಗೆ ಸಿಕ್ಕಿತು. ಒಡೆಯಬಾರದು ಎಂದು ನೀನು ಸತ್ತ ಅಜ್ಜಿಯ ಕೈಯಲ್ಲಿ ಹೇಳಿಸಿದ್ದೆ. ವರ್ಷವಿಡೀ ನಿನ್ನ ಕೈಬರಹ ಕಾಣದವನಿಗೆ ಅಂಥ ಅಪ್ಪಣೆ ಮಾಡಿದರೆ ಹೇಗೆ? ಒಡೆದೆ. ಮೊದಲು ಮೇ ತಿಂಗಳದ್ದು ಓದಿ ಸ್ಕ್ರೂವಿನ ಮಾತಿಗೆ ನಕ್ಕೆ. ಆಮೇಲೆ ಇನ್ನೊಂದನ್ನು ಓದಿದೆ. ಜನರೇಟರಿನ ಹೊಗೆಕೊಳವೆ. ಅಕ್ಷರಕ್ಕೆ ಅಕ್ಷರ ನಾಯಕನ ಮಾತು. ಅವನು ಆರು ತಿಂಗಳು ನನ್ನ ಮುಖ ನೋಡಿದವನು. ನೀನು ತೊಟ್ಟಿಲಿನಿಂದ ನೋಡಿದವಳು. ಇಬ್ಬರಿಗೂ ಒಂದೇ ಮಾತು ಹೊಳೆಯಿತು.

ಇಲ್ಲಿ ಇಳಿದ ಮೇಲೆ ನಿನ್ನ ಸಸಿ ಮಡಿಯ ಪತ್ರ ಕೊಟ್ಟರು. ಟೇಲೆಂಡಿನ ಲೆಕ್ಕ ಸರಿಯಾಗಿದೆ, ನಾನು ಅಷ್ಟು ಚೆನ್ನಾಗಿ ಹೇಳಲಾರೆ. ಆದರೆ ಅವನು ರಷ್ಯನ್ನರ ಗೋಡೆ ನೋಡಿ ನಂಬಿದ, ನೀನು ಭತ್ತದ ಸಸಿ ನೋಡಿ ನಂಬಿದೆ. ನನ್ನನ್ನು ನೋಡಿ ನಂಬಿದವರು ಯಾರು? ಅಲ್ಲಿನ ಬಾನಿಗಿಂತ ಬರಿದಾಗಿದ್ದೆ ಆ ಜುಲೈಯಲ್ಲಿ. ನಿನ್ನಿಂದ ತುಸು ನಂಬಿಕೆ ಬಂದಿದ್ದರೂ ಸಾಕಾಗಿತ್ತು. ನನಗೆ ನಿನ್ನ ಮೇಲೆ ಸಿಟ್ಟಿದೆ. ಇದನ್ನು ಓದಿದರೆ ನಿನಗೆ ನೋವಾಗುತ್ತದೆ ಎಂದು ಗೊತ್ತಿದ್ದೂ ಬರೆಯುತ್ತಿದ್ದೇನೆ.

ನಿನ್ನ ಕರಾರನ್ನು ನಾನು ಪಾಲಿಸಿದೆ, ಒಂದು ಸುಳ್ಳನ್ನೂ ಬರೆಯಲಿಲ್ಲ. ಸುಳ್ಳು ಹೇಳಿದವಳು ನೀನು, ಅದೂ ಸರ್ಕಾರಿ ವೈರ್‌ಲೆಸ್ಸಿನಲ್ಲಿ, ಸತ್ತವಳನ್ನು ಮತ್ತೆ ಸಾಯಿಸಿ. ಆ ಸುಳ್ಳು ನನಗಾಗಿ ಹೇಳಿದ್ದು ಎಂಬ ಒಂದೇ ಕಾರಣಕ್ಕೆ ಈ ಪತ್ರ ಇನ್ನೂ ಮುಂದುವರಿಯುತ್ತಿದೆ.

ಈಗ ನನ್ನ ಕರಾರು. ನಾನು ಹೇಳುವ ಒಂದು ಮಾತನ್ನು, ಸಸಿ ಮಡಿಗೆ ಓಡದೆ, ಯಾವ ಕನ್ನಡಕದವರನ್ನೂ ಕೇಳದೆ, ನೀನು ಹಾಗೆಯೇ ನಂಬಬೇಕು. ಇಲ್ಲಿ ಕಚೇರಿಯ ಕೆಲಸ ಹತ್ತು ದಿನವಿದೆ, ಅಷ್ಟರಲ್ಲಿ ಉತ್ತರ ಬರಲಿ. ನಂಬಿದರೆ ಲಿಂಗಸುಗೂರಿನಿಂದ ಬರುವ ಬಸ್ಸಿನಲ್ಲಿ ಮಸ್ಕಿಯಲ್ಲಿ ಇಳಿಯದೆ, ಸಿಂಧನೂರು ದಾಟಿ ನೇರ ನಿಮ್ಮ ಊರಿಗೇ ಬರುತ್ತೇನೆ. ನಂಬದಿದ್ದರೆ ಮಸ್ಕಿಯಲ್ಲಿ ಇಳಿದು ಅವ್ವನ ಮನೆಗೆ ಹೋಗುತ್ತೇನೆ, ಓವರ್‌ಸಿಯರ್‌ನ ಮದುವೆಗೆ ಬಂದು ಊಟ ಮಾಡುತ್ತೇನೆ.

ಆ ಮಾತು ಇದು. ಡಿಸೆಂಬರ್ ಒಂದನೇ ತಾರೀಖಿನ ನಿನ್ನ ಪತ್ರ ನನಗೆ ತಲುಪಲೇ ಇಲ್ಲ.

ತಾಯಪ್ಪ

*

ಜವಳಗೇರಾ
1 ಏಪ್ರಿಲ್ 1992

ಮಾವ,

ತಲುಪುವುದಾದರೂ ಹೇಗೆ? ಡಿಸೆಂಬರ್ ಒಂದನೇ ತಾರೀಖು ನಾನು ಯಾವ ಪತ್ರವನ್ನೂ ಬರೆದಿರಲಿಲ್ಲ. ಯಾರಾದರೂ ಆದಮ್ಮ ಬರೆದಿದ್ದಳು ಎಂದರೆ ಅವರ ತಲೆ ಕೆಟ್ಟಿದೆ ಎಂದುಕೋ.

ಮಸ್ಕಿಯಲ್ಲಿ ಅದೇ ಅಧ್ಯಕ್ಷರು ಅದೇ ಶಾಲು ಹಿಡಿದು ಬಸ್‌ಸ್ಟ್ಯಾಂಡಿನಲ್ಲಿ ಕಾಯಲಿದ್ದಾರಂತೆ. ಕಿಟಕಿಯಿಂದ ಮುಖ ಹೊರಗೆ ಹಾಕಬೇಡ. ಟಿಕೇಟು ಜವಳಗೇರಾಕ್ಕೇ ತೆಗೆಸು.

ಆದಮ್ಮ